ಮಾಗಡಿ ಕೆರೆಯ ಹೆಬ್ಬಾತು ಉಸಿರು ಕಟ್ಟಿ ಹಾರುವುದಿಲ್ಲ

ಚಳಿಗಾಲ ಬಂತೆಂದರೆ ಗದಗ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇಂಥದೊಂದು ಸಂದೇಶ ಓಡಾಡುತ್ತದೆ: ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಉಸಿರು ಬಿಗಿಹಿಡಿದು, ರೆಕ್ಕೆಯನ್ನೇ ಬಡಿಯದೆ, ಗಾಳಿಯಲ್ಲಿ ತೇಲಿ ಎವರೆಸ್ಟ್ ದಾಟುತ್ತವಂತೆ.

ಅವು ಹಿಮಾಲಯ ದಾಟುವುದು ನಿಜ. ಉಳಿದದ್ದು ಸುಳ್ಳು.

ಸತ್ಯಾಂಶ ಇದು. ಉಸಿರು ಬಿಗಿಹಿಡಿಯುವುದಿರಲಿ, ಗಾಳಿ ತೆಳುವಾದಷ್ಟೂ ಅವು ಇನ್ನೂ ಆಳವಾಗಿ ಉಸಿರಾಡುತ್ತವೆ. ಅವುಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶ್ವಾಸಕೋಶವೂ ದೊಡ್ಡದು. ಎದೆಯ ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿವೆ.

ಇನ್ನು ತೇಲುವ ಮಾತು. ಎರಡು ಮೂರು ಕಿಲೋ ತೂಗುವ ಮೈ ಅದು, ಉದ್ದಕ್ಕೂ ರೆಕ್ಕೆ ಬಡಿಯಲೇಬೇಕು. ವಿಜ್ಞಾನಿಗಳು ಸಾಧನ ಕಟ್ಟಿ ಹಿಂಬಾಲಿಸಿದಾಗ ದಾಖಲಾದ ಅತಿ ಎತ್ತರ ಸುಮಾರು 7,290 ಮೀಟರ್. ಎವರೆಸ್ಟ್ 8,849. ಬಹುಪಾಲು ಹಾರಾಟ 6,000 ಮೀಟರ್‌ಗಿಂತ ಕೆಳಗೇ ಇತ್ತು.

ನನಗೆ ಬಹಳ ಹಿಡಿಸಿದ್ದು ಅವು ಹಾರುವ ರೀತಿ. ಒಂದೇ ಎತ್ತರ ಹಿಡಿದು ಹೋಗುವುದಿಲ್ಲ. ಬೆಟ್ಟ ಏರಿದಂತೆ ಏರಿ, ಕಣಿವೆ ಇಳಿದಂತೆ ಇಳಿಯುತ್ತವೆ. ಇಳಿದರೆ ಮತ್ತೆ ಏರಬೇಕು, ಸುಮ್ನೆ ದಂಡ ಅಲ್ವಾ ಅನಿಸಬಹುದು. ಆದರೆ ತೆಳು ಗಾಳಿಯಲ್ಲಿ ರೆಕ್ಕೆ ಬಡಿತ ಸ್ವಲ್ಪ ಜಾಸ್ತಿಯಾದರೂ ಶಕ್ತಿಯ ಖರ್ಚು ವಿಪರೀತ ಏರುತ್ತದೆ. ಹಾಗಾಗಿ ಕೆಳಗಿನ ದಟ್ಟ ಗಾಳಿಯೇ ಲಾಭ. ರಾತ್ರಿ, ನಸುಕಿನಲ್ಲಿ ಹೆಚ್ಚು ಹಾರುವುದರಿಂದಲೂ ಅನುಕೂಲವಿದೆ: ಆಗ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ.

ಈ ಹಾರಾಟಕ್ಕೆ ಇಂಧನ ಮೈಯಲ್ಲಿ ಕೂಡಿಟ್ಟ ಕೊಬ್ಬು. ಫೋಟೋಕ್ಕಾಗಿ ಕಲ್ಲೆಸೆದು ಅವನ್ನು ಎಬ್ಬಿಸಬೇಡಿ, ಪ್ರತಿ ಸಲ ಎದ್ದಾಗಲೂ ಅದೇ ಕೊಬ್ಬು ಕರಗುತ್ತದೆ.