ಗಲಾಟೆ ಕಳೆದ ಮೇಲಿನ ಗಲಾಟೆ

ಕಾರ್ ಸ್ಟೀರಿಯೊ ಡಬ್ಬಕ್ಕಿರುವಷ್ಟು ಆತ್ಮವಿಶ್ವಾಸ ನನಗಿದ್ದಿದ್ದರೆ ಇಷ್ಟೊತ್ತಿಗೆ ಎಲ್ಲೋ ಇರುತ್ತಿದ್ದೆ. ‘ಒಂದೊಂದು ಚಾನೆಲ್ಲಿಗೂ 50 ವ್ಯಾಟ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಪೀಕ್ ಲೆಕ್ಕ, ಅಂದರೆ ಒಂದು ಕ್ಷಣಕ್ಕೆ ಮಾತ್ರ ಮುಟ್ಟುವ ಮಟ್ಟ. ಒಂದೇ ಸಮನೆ ಕೊಡುವ ಪವರ್, ಅಂದರೆ ಆರ್‌ಎಂಎಸ್, 20 ವ್ಯಾಟ್ ಆಸುಪಾಸಿಗೆ ಬಂದು ಕೂತುಬಿಡುತ್ತದೆ. ಈ ಸತ್ಯವನ್ನು ಎಲ್ಲೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುಗಿಸಿರುತ್ತಾರೆ.

ನಾನೂ ಹೊಸ ಸ್ಪೀಕರ್ ಹಾಕಿಸಿದೆ. ನಿಂತ ಕಾರಿನಲ್ಲಿ ಸ್ವರ್ಗ. ಹೈವೇಗೆ ಇಳಿದರೆ ಡ್ರಮ್ ಯಾವುದು, ಟೈರ್ ಯಾವುದು ಗೊತ್ತಾಗುವುದಿಲ್ಲ. ಟೈರಿನ ಗುಂಯ್ ಅನ್ನೋ ಸದ್ದು ಮೊದಲು ನುಂಗುವುದೇ ಬೇಸನ್ನು. ವಾಲ್ಯೂಮ್ ಏರಿಸಿದರಾಯ್ತು, ಅಲ್ವಾ? ಆಗಲ್ಲ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ 10 ಪಟ್ಟು ಪವರ್ ಬೇಕು. 20 ವ್ಯಾಟಿನ ಬಡಪಾಯಿ ಎಲ್ಲಿಂದ ತಂದೀತು? ಆಂಪ್ಲಿಫೈಯರ್ ಬೇಕು, ಜೊತೆಗೆ ಒಳಗಿನ ಗಲಾಟೆಯೂ ಇಳಿಯಬೇಕು. ಎರಡೂ ಕೆಲಸ ಒಪ್ಪಿಕೊಂಡ ಹುಡುಗ ಮಹಾ ಉತ್ಸಾಹಿ.

ಬಾಗಿಲಿನ ಪ್ಯಾಡ್ ಬಿಚ್ಚಿ, ಒಳಗಿನ ತಗಡಿಗೆ ಬ್ಯೂಟೈಲ್ ಶೀಟ್ ಅಂಟಿಸಲು ಶುರು ಮಾಡಿದ. ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಅಂಟಂಟು ರಬ್ಬರ್. ತಗಡು ನಡುಗಿದಾಗ ಆ ನಡುಕವನ್ನು ಇದು ಚೂರೇ ಚೂರು ಶಾಖವಾಗಿ ಮಾಡಿ ಮುಗಿಸುತ್ತದೆ. ತಗಡಿನ ಕಾಲು ಭಾಗ ಮುಚ್ಚಿದರೂ ಡಬಡಬ ಬಹಳಷ್ಟು ನಿಲ್ಲುತ್ತದೆ. ಆದರೆ ಕಾಲು ಭಾಗಕ್ಕೆ ನಿಲ್ಲಿಸುವುದು ಹುಡುಗನಿಗೆ ಅವಮಾನ. ಸಿಕ್ಕ ಕಡೆಯೆಲ್ಲ ಅಂಟಿಸಿದ. ಬಾಗಿಲ ತಳದಲ್ಲಿ ನೀರು ಹೋಗೋಕೆ ಅಂತ ಬಿಟ್ಟಿದ್ದ ತೂತುಗಳನ್ನೂ ಬಿಡಲಿಲ್ಲ. ಕೊನೆಗೆ ಅವನ ಅಂಗೈಯಲ್ಲಿ ಒಂದಿಷ್ಟು ಪ್ಲಾಸ್ಟಿಕ್ ಕ್ಲಿಪ್ ಉಳಿದಿದ್ದವು. “ಇವು ಎಕ್ಸ್‌ಟ್ರಾ ಸಾರ್” ಅಂದ. ಕಾರು ಮಾಡುವವರು ಅಷ್ಟು ಧಾರಾಳಿಗಳಲ್ಲ ಅನ್ನೋದು ನನ್ನ ನಂಬಿಕೆ.

ಮಳೆ ಬಂತು. ಎಡಕ್ಕೆ ತಿರುಗಿದರೆ ಬಾಗಿಲೊಳಗೆ ಗಳಕ್, ಬಲಕ್ಕೆ ತಿರುಗಿದರೆ ಗಳಕ್. ಸರೌಂಡ್ ಸೌಂಡ್ ಅಂದರೆ ಇದೇ ಇರಬೇಕು.

ತೂತು ಬಿಡಿಸಿಕೊಂಡು ಬಂದರೆ ಆಂಪ್ಲಿಫೈಯರ್ ಕುಂಯ್ ಅನ್ನತೊಡಗಿತು. ಎಕ್ಸಿಲರೇಟರ್ ಒತ್ತಿದರೆ ಕುಂಯ್ಯೂ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದು ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡುವ ಆಲ್ಟರ್ನೇಟರ್ ಹಾಡುವ ಹಾಡು. ಬ್ಯಾಟರಿಯಿಂದ ಬರುವ ದಪ್ಪ ವೈರನ್ನೂ ಹಾಡು ತರುವ ಆರ್‌ಸಿಎ ಕೇಬಲನ್ನೂ ಹುಡುಗ ಒಟ್ಟಿಗೇ ಎಳೆದಿದ್ದ. ಅರ್ಥ್ ವೈರನ್ನು ಕಾರಿನ ತಗಡಿನ ಪೇಂಟ್ ಕೆರೆಯದೆ ಅದರ ಮೇಲೇ ಬಿಗಿದಿದ್ದ. ವೈರುಗಳನ್ನು ಕಾರಿನ ಎರಡು ಬದಿಗೆ ಬೇರೆ ಮಾಡಿಸಿ, ಪೇಂಟ್ ಕೆರೆಸಿದ ಮೇಲೆ ಹಾಡು ನಿಂತಿತು.

ಅಂತೂ ಕಾರು ಶಾಂತವಾಯಿತು. ತಲೆನೋವು ಶುರುವಾಗಿದ್ದೇ ಆಗ. ದೊಡ್ಡ ಸದ್ದು ಇರುವಷ್ಟು ದಿನ ಅದರಡಿಯ ಚಿಲ್ಲರೆ ಸದ್ದು ಕಿವಿಗೆ ಬೀಳುವುದಿಲ್ಲ. ದೊಡ್ಡದನ್ನು ಓಡಿಸಿದಿರೋ, ಚಿಲ್ಲರೆಗಳು ಸಾಲಾಗಿ ಬಂದು ಹಾಜರಿ ಹಾಕುತ್ತವೆ. ಸೀಟ್ ಬೆಲ್ಟಿನ ಬಕಲ್ ಟಿಕ್. ಡಿಕ್ಕಿಯ ಜಾಕ್ ಲೊಟಲೊಟ. ಗ್ಲವ್ ಬಾಕ್ಸ್ ಕಿರ್ರ್. ಹಿಂದೆ ಎಲ್ಲೋ ಒಂದು ಕಟ್‌ಕಟ್, ಮೆಕ್ಯಾನಿಕ್ ಕೂತ ತಕ್ಷಣ ಮಾಯ. ಹುಡುಗನ ಎಕ್ಸ್‌ಟ್ರಾ ಕ್ಲಿಪ್ಪುಗಳ ಜಾಗ ಇದೇ ಅಂತ ನನ್ನ ಬಲವಾದ ಅನುಮಾನ. ಹಾಡು ಹಾಕುವುದೇ ಬಿಟ್ಟೆ. ಸ್ಟೀರಿಯೊ ಆಫ್ ಮಾಡಿ, ಕಿವಿ ನಿಮಿರಿಸಿಕೊಂಡು ಓಡಿಸುತ್ತೇನೆ.

“ರೀ, ಇಷ್ಟೆಲ್ಲ ಹಾಕಿಸಿದ್ದು ಆಫ್ ಮಾಡೋಕಾ?” ಅಂದಳು ಹೆಂಡತಿ. ಮೊದಲಾಗಿದ್ದರೆ ‘ಏನಂದೆ? ಕೇಳಿಸ್ಲಿಲ್ಲ’ ಅನ್ನಬಹುದಿತ್ತು. ಈಗ ಆ ದಾರಿಯೂ ಮುಚ್ಚಿದೆ. ಉತ್ತರ ಹುಡುಕುತ್ತಿದ್ದಾಗ ಅವಳ ಫೋನ್ ರಿಂಗಾಯಿತು. ಬ್ಲೂಟೂತ್ ಅದನ್ನು ಸೀದಾ ಕಾರಿಗೆ ತಂದಿತು. ಅವಳ ತಂಗಿಯ ದನಿ, ಎಡ ಬಾಗಿಲಿಂದಲೂ ಬಲ ಬಾಗಿಲಿಂದಲೂ, ಒಂದಕ್ಷರ ಕಲಸಿಹೋಗದೆ:

“ಅಕ್ಕಾ, ಭಾವ ಇನ್ನೂ ಆ ಡಬ್ಬಾ ಕಾರಿಗೆ ದುಡ್ಡು ಸುರೀತಾನೇ ಇದಾರಾ?”