ಕೋಡ್ ಓಪನ್, ಕಾರಣ ಕ್ಲೋಸ್ಡ್

ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಾಯಿಸಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಅನ್ನುತ್ತಾರೆ. ಅದರ ಡೆವಲಪರ್‌ಗಳ ಸಮ್ಮೇಳನದಲ್ಲಿ ಮಾತಾಡಬೇಕು ಅಂದರೆ ಒಂದು ಪ್ರಪೋಸಲ್ ಕಳಿಸಬೇಕು. ಪ್ರಪೋಸಲ್ ಕಳಿಸಬೇಕು ಅಂದರೆ ಒಂದು ಫಾರ್ಮ್ ತುಂಬಬೇಕು. ಫಾರ್ಮ್ ತೆರೆಯಬೇಕು ಅಂದರೆ, ಎಷ್ಟೋ ಕಡೆ, ಯಾವುದೋ ದೊಡ್ಡ ಕಂಪನಿಯ ಖಾತೆಗೆ ಲಾಗಿನ್ ಆಗಬೇಕು. ಆ ಫಾರ್ಮಿನ ಸೋರ್ಸ್ ಕೋಡ್ ಯಾರಿಗೂ ಸಿಗುವುದಿಲ್ಲ. ಅದರೊಳಗಿನ ಮೊದಲ ಪ್ರಶ್ನೆ ಮಾತ್ರ ಬಲು ಖಡಕ್ಕು: ನೀವು ಮಾತಾಡಲಿರುವ ತಂತ್ರಾಂಶದ ಲೈಸೆನ್ಸ್ ಯಾವುದು? ಮುಕ್ತವಲ್ಲದಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಪ್ರೀಟಾಕ್ಸ್ ಅಂತ ಇದೇ ಕೆಲಸಕ್ಕೆ ಬರೆದ ಮುಕ್ತ ತಂತ್ರಾಂಶವೇ ಇದೆ. ಬ್ರಸೆಲ್ಸ್‌ನಲ್ಲಿ ಪ್ರತಿವರ್ಷ ಸಾವಿರಾರು ಜನ ಸೇರುವ, ಟಿಕೆಟ್ಟೂ ನೋಂದಣಿಯೂ ಇಲ್ಲದ ಫಾಸ್ಡೆಮ್ ಎಂಬ ಸಮ್ಮೇಳನ ಈಗ ಅದನ್ನೇ ಬಳಸುತ್ತದೆ. ಆದರೆ ಅದನ್ನು ಒಂದು ಸರ್ವರ್‌ನಲ್ಲಿ ಹಾಕಿ ನೋಡಿಕೊಳ್ಳುವವರು ಬೇಕಲ್ಲ? ಆಯ್ಕೆ ಸಮಿತಿಯಲ್ಲಿ ಇರುವವರಿಗೆಲ್ಲ ಸರ್ವರ್ ನೋಡಿಕೊಳ್ಳುವುದೇ ಕಸುಬು. ಹಾಗಾಗಿ ಅಲ್ಲಿ ಆ ಕೆಲಸಕ್ಕೆ ಯಾರೂ ಸಿಗುವುದಿಲ್ಲ.

ಇರಲಿ, ಫಾರ್ಮಿಗೆ ಬರೋಣ. ಶೀರ್ಷಿಕೆಯ ಮಧ್ಯೆ ಒಂದು ಕೋಲನ್ ಇರಲೇಬೇಕು. ಅದರ ಎಡಕ್ಕೆ ಯಾರಿಗೂ ಅರ್ಥವಾಗದ ಒಂದು ಪದ, ಬಲಕ್ಕೆ ಯಾರಿಂದಲೂ ಈಡೇರಿಸಲಾಗದ ಒಂದು ಭರವಸೆ. ಇತ್ತೀಚೆಗೆ ಎರಡೂ ಕಡೆ ಎಐ ಇದ್ದರೆ ಒಳ್ಳೆಯದು. ಪ್ರಪೋಸಲ್ ಬರೆದಿದ್ದೂ ಅದೇ, ಓದಿ ಅಂಕ ಕೊಡುವುದೂ ಅದೇ ಆದರೆ ಇನ್ನೂ ಒಳ್ಳೆಯದು. ಮನೆಯವರು ಮನೆಯವರಿಗೆ ಅನ್ಯಾಯ ಮಾಡುವುದಿಲ್ಲ.

ಆಮೇಲೆ ಬಯೋ. ಬೇರೆ ಯಾರೋ ನಮ್ಮ ಬಗ್ಗೆ ಬರೆದ ಹಾಗೆ ನಾವೇ ಕೂತು ಬರೆಯಬೇಕು. 'ಇವರು ಸಮುದಾಯ ಕಟ್ಟುವುದರಲ್ಲಿ ಅಪಾರ ಆಸಕ್ತಿ ಉಳ್ಳವರು' ಅಂತ, ಬಾಗಿಲು ಹಾಕಿಕೊಂಡು, ಒಬ್ಬರೇ. ಜತೆಗೆ ಗೋಡೆಗೆ ಒರಗಿ, ಕೈಕಟ್ಟಿ, ಎತ್ತಲೋ ನೋಡುತ್ತಿರುವ ಒಂದು ಫೋಟೊ. ವರ್ಷಾನುಗಟ್ಟಲೆ ಬಗ್ ಸರಿಪಡಿಸಿದವರ ಬಳಿ ಇಂಥ ಫೋಟೊ ಇರುವುದಿಲ್ಲ.

ಮುಂದಿನದು ನನಗೆ ಬಹಳ ಇಷ್ಟವಾದ ಖಾನೆ. 'ಮೊದಲ ಬಾರಿ ಮಾತಾಡುವವರಿಗೆ ವಿಶೇಷ ಪ್ರೋತ್ಸಾಹ' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದರ ಕೆಳಗೇ: 'ನೀವು ಹಿಂದೆ ಮಾಡಿದ ಭಾಷಣದ ವಿಡಿಯೊ ಲಿಂಕ್ ಕೊಡಿ.' ಪಕ್ಕದಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲ ದಾಟಿದ ಪ್ರಪೋಸಲ್ ವಿಮರ್ಶಕರ ಕೈಗೆ ಸಿಗುತ್ತದೆ. ಇವರು ಇತಿಹಾಸವನ್ನು ಹೇಗೆ ವಿಚಾರಿಸಿಕೊಳ್ಳುತ್ತಿದ್ದರು ಅಂತ ಒಮ್ಮೆ ಊಹಿಸಿ ನೋಡಿ. 1991ರ ಆಗಸ್ಟ್ 25ರಂದು ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಯೂಸ್‌ನೆಟ್ ಎಂಬ ಆಗಿನ ಚರ್ಚಾ ಜಾಲದಲ್ಲಿ ಒಂದು ಟಿಪ್ಪಣಿ ಹಾಕಿದರು. ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಸುಮ್ನೆ ಹವ್ಯಾಸಕ್ಕೆ, ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಥರ ದೊಡ್ಡದಾಗಿ ಬೆಳೆಯುವುದೇನಲ್ಲ ಅನ್ನುವುದು ಅದರ ಸಾರ. ಆ ಸಿಸ್ಟಂ ಮುಂದೆ ಲಿನಕ್ಸ್ ಆಯಿತು. ಆ ಟಿಪ್ಪಣಿಯನ್ನೇ ಫಾರ್ಮಿಗೆ ಹಾಕಿದ್ದರೆ? ಮೊದಲ ವಿಮರ್ಶಕರು: 'ಸ್ಪೀಕರ್‌ಗೇ ಪ್ರಾಜೆಕ್ಟ್ ಮೇಲೆ ನಂಬಿಕೆ ಇದ್ದಂತಿಲ್ಲ.' ಎರಡನೆಯವರು: 'ಸಮುದಾಯ ಎಲ್ಲಿ?' ಮೂರನೆಯವರು ಸ್ವಲ್ಪ ದಯಾಳು: 'ಹುಡುಗ ಉತ್ಸಾಹಿ. ಐದು ನಿಮಿಷದ ಲೈಟ್ನಿಂಗ್ ಟಾಕ್ ಕೊಡೋಣ.' ಅದೂ ಸಿಗುತ್ತಿರಲಿಲ್ಲ ಅನ್ನಿ. ದುಡ್ಡು ತೆಗೆದುಕೊಂಡು ಹಂಚಬಾರದು ಅಂತ ಲಿನಕ್ಸ್‌ನ ಆಗಿನ ಲೈಸೆನ್ಸ್ ಹೇಳುತ್ತಿತ್ತು. ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ಗೆ ಬದಲಾಗಿದ್ದು 1992ರಲ್ಲಿ. ಅಂದರೆ ಲಿನಕ್ಸ್ ಮೊದಲ ಪ್ರಶ್ನೆಯಲ್ಲೇ ಡುಮ್ಕಿ.

ಅಷ್ಟು ಹಿಂದಕ್ಕೆ ಯಾಕೆ, 2024ರ ಮಾರ್ಚ್ ತೆಗೆದುಕೊಳ್ಳಿ. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೆವಲಪರ್‌ಗೆ ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರ್ ಒಳಗೆ ಸುರಕ್ಷಿತವಾಗಿ ಹೋಗುವ ದಾರಿ) ಸುಮಾರು ಅರ್ಧ ಸೆಕೆಂಡ್ ನಿಧಾನ ಅನ್ನಿಸಿತು. ಬೆನ್ನು ಹತ್ತಿ ಹೋದರು. ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ತಂತ್ರಾಂಶದಲ್ಲಿ ಕದ್ದು ಒಳನುಗ್ಗಲು ಯಾರೋ ಹಿಂಬಾಗಿಲು ಇಟ್ಟಿದ್ದರು. ಅದು ಗೊತ್ತಾಗುವ ಒಂದು ವಾರ ಮೊದಲು 'ನನ್ನ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ' ಅಂತ ಪ್ರಪೋಸಲ್ ಬಂದಿದ್ದರೆ ವಿಮರ್ಶಕರು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಇದರಿಂದ ಕೇಳುಗರು ಮನೆಗೆ ಒಯ್ಯುವ ಮೂರು ಪಾಠಗಳು ಯಾವುವು?'

ಹಿಂಬಾಗಿಲು ಇಟ್ಟವರ ಕಥೆಯೇ ಬೇರೆ. 'ಜಿಯಾ ಟ್ಯಾನ್' ಎಂಬ ಹೆಸರಿನಲ್ಲಿ ಬಂದು, ಎರಡು ವರ್ಷಕ್ಕೂ ಜಾಸ್ತಿ ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸಿ, ಆ ತಂತ್ರಾಂಶ ನೋಡಿಕೊಂಡು ಸುಸ್ತಾಗಿದ್ದ ಮೇಂಟೇನರ್‌ನ ವಿಶ್ವಾಸ ಗಳಿಸಿ, ಕೊನೆಗೆ ತಾವೇ ಸಹ ಮೇಂಟೇನರ್ ಆದವರು ಅವರು. ಅವರ ಪ್ರಪೋಸಲ್ ಒಂದೇ ಏಟಿಗೆ ಪಾಸಾಗುತ್ತಿತ್ತು. 'ಹೊಸಬರಿಂದ ಮೇಂಟೇನರ್‌ವರೆಗೆ: ನಂಬಿಕೆ ಕಟ್ಟುವ ಕಲೆ.' ಕೋಲನ್ ಇದೆ, ಸಮುದಾಯ ಇದೆ, ಪಾಠಗಳಂತೂ ಮೂರಕ್ಕಿಂತ ಹೆಚ್ಚೇ ಇವೆ.

ಇನ್ನು ತಿರಸ್ಕಾರದ ಮೇಲ್. 'ಈ ಸಲ ತುಂಬಾ ಒಳ್ಳೆಯ ಪ್ರಪೋಸಲ್‌ಗಳು ಬಂದಿದ್ದವು. ಆಯ್ಕೆ ಬಹಳ ಕಷ್ಟವಾಯಿತು.' ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಮ್ಮನ್ನು ಎತ್ತಿ ಹೊರಗಿಟ್ಟಿರುತ್ತಾರೆ. ಏಕೆ ಅಂತ ಒಂದಕ್ಷರ ಇರುವುದಿಲ್ಲ. ಇದೇ ಜನ ಒಂದು ಪ್ಯಾಚ್ ತಿರಸ್ಕರಿಸುವಾಗ ನೋಡಬೇಕು! 47ನೇ ಸಾಲಿನಲ್ಲಿ ಟ್ಯಾಬ್ ಬದಲು ಸ್ಪೇಸ್ ಇದೆ ಅಂತ ಜಗತ್ತಿನ ಎದುರಿಗೆ, ಹೆಸರು ಹಾಕಿ ಬರೆಯುತ್ತಾರೆ. ಅದಕ್ಕೆ ಮೂವರು ಉತ್ತರ ಕೊಡುತ್ತಾರೆ. ಒಬ್ಬರು ಮುನಿಸಿಕೊಂಡು ಪ್ರಾಜೆಕ್ಟನ್ನೇ ಫೋರ್ಕ್ ಮಾಡಿ, ಅಂದರೆ ಕೋಡಿನ ಪ್ರತಿ ಎತ್ತಿಕೊಂಡು ಬೇರೆ ಸಂಸಾರ ಹೂಡಲು ಹೋಗುತ್ತಾರೆ. ಎಲ್ಲ ದಾಖಲೆ ಶಾಶ್ವತವಾಗಿ ಉಳಿಯುತ್ತದೆ. ಒಂದು ಸ್ಪೇಸಿಗೆ ಇಷ್ಟು ವಿವರಣೆ ಕೊಡುವವರಿಗೆ ಒಬ್ಬ ಮನುಷ್ಯನಿಗೆ ಒಂದು ಸಾಲು ಬರೆಯಲು ಏನು ಕಷ್ಟ ಅಂತ ನನಗಂತೂ ಇನ್ನೂ ಗೊತ್ತಾಗಿಲ್ಲ.

ಮುಕ್ತ ತಂತ್ರಾಂಶಕ್ಕೆ ನಾಲ್ಕು ಸ್ವಾತಂತ್ರ್ಯಗಳಿವೆ. ಪ್ರೋಗ್ರಾಮರ್‌ಗಳು ಎಣಿಸುವ ಹಾಗೆಯೇ ಎಣಿಕೆ ಸೊನ್ನೆಯಿಂದ ಶುರು. ಎರಡನೆಯದು ಪ್ರತಿಗಳನ್ನು ಹಂಚುವ ಸ್ವಾತಂತ್ರ್ಯ, ಮೂರನೆಯದು ಬದಲಾಯಿಸಿದ ಪ್ರತಿಗಳನ್ನು ಹಂಚುವ ಸ್ವಾತಂತ್ರ್ಯ. ಇವೆರಡನ್ನೂ ಸ್ಪೀಕರ್‌ಗಳು ಚೆನ್ನಾಗಿಯೇ ಬಳಸಿಕೊಂಡಿದ್ದಾರೆ: ಅದೇ ಭಾಷಣ, ಬೇರೆ ಬೇರೆ ಸಮ್ಮೇಳನ, ಶೀರ್ಷಿಕೆ ಮಾತ್ರ ಹೊಸದು. ಆದರೆ ಒಂದನೆಯದು, ಅಂದರೆ ಒಳಗೆ ಏನು ನಡೆಯುತ್ತಿದೆ ಅಂತ ತೆರೆದು ನೋಡುವ ಸ್ವಾತಂತ್ರ್ಯ ಇದೆಯಲ್ಲ, ಅದು ಆಯ್ಕೆ ಸಮಿತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತದೆ.

ಕೆಲವರಿಗೆ ಈ ಫಾರ್ಮಿನ ಕಾಟವೇ ಇಲ್ಲ. ಪ್ರಾಯೋಜಕರ ಪ್ರಪೋಸಲ್ ಚೆಕ್ಕಿನ ರೂಪದಲ್ಲಿ ಬರುತ್ತದೆ, ಅದಕ್ಕೆ ವಿಮರ್ಶಕರು ಬೇಕಾಗುವುದಿಲ್ಲ, ಬ್ಯಾಂಕ್ ಸಾಕು. 2001ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್ ಎಂದಿದ್ದರು. 2016ರಲ್ಲಿ ಅದೇ ಕಂಪನಿ ಲಿನಕ್ಸ್ ಫೌಂಡೇಶನ್‌ಗೆ ಪ್ಲಾಟಿನಂ ಸದಸ್ಯನಾಗಿ ಸೇರಿತು. ಮನಸ್ಸು ಬದಲಾಗಬಾರದು ಅಂತ ಯಾರೂ ಹೇಳುತ್ತಿಲ್ಲ. ನಮ್ಮ ಕಡೆಯವರ ಮನಸ್ಸೂ ಅಷ್ಟೇ ಬೇಗ ಬದಲಾಯಿತಲ್ಲ, ಅದನ್ನು ಮೆಚ್ಚಬೇಕು. ಈಗ ಲೋಗೊ ಎಷ್ಟು ದೊಡ್ಡದಾಗಿ ಹಾಕಬೇಕು ಅನ್ನುವುದಷ್ಟೇ ಚರ್ಚೆ.

ಆಯ್ಕೆಯಾದವರ ಪಾಡೂ ಸುಖದ್ದೇನಲ್ಲ. ಪ್ರಪೋಸಲ್ ಕಳಿಸಿದ್ದು ಸಮ್ಮೇಳನಕ್ಕೆ ಎಷ್ಟೋ ತಿಂಗಳು ಮೊದಲು. ಆಗ ಆ ತಂತ್ರಾಂಶ ತಲೆಯೊಳಗೆ ಮಾತ್ರ ಇತ್ತು. 'ನಾವು ಕಟ್ಟಿದ್ದೇವೆ, ಅಳೆದಿದ್ದೇವೆ, ಫಲಿತಾಂಶ ಬೆರಗು ಹುಟ್ಟಿಸುವಂತಿದೆ' ಅಂತ ಬರೆದಿದ್ದಾಗಿದೆ. ಈಗ ಕಟ್ಟಬೇಕು, ಅಳೆಯಬೇಕು, ಬೆರಗಾಗಬೇಕು. ಸಮ್ಮೇಳನದ ದಿನ ಹತ್ತಿರ ಬಂದ ಹಾಗೆಲ್ಲ ಬಗ್‌ಗಳ ಪಟ್ಟಿ ಬೆಳೆಯುತ್ತದೆ, ನೋಡುವವರಿಲ್ಲ. ಮೇಂಟೇನರ್ ಸ್ಲೈಡಿಗೆ ಬಣ್ಣ ಹಚ್ಚುತ್ತಿದ್ದಾರೆ. ಡೆಮೊ ಕೈಕೊಟ್ಟೀತು ಅಂತ ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ ತೋರಿಸುತ್ತಾರೆ. ಚಪ್ಪಾಳೆಯೂ ಬೀಳುತ್ತದೆ.

ಪ್ರಶ್ನೋತ್ತರದಲ್ಲಿ ಮೈಕ್ ಹಿಡಿದ ಮೊದಲನೆಯವರು 'ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ' ಅಂತ ಇದ್ದ ಸಮಯವನ್ನೆಲ್ಲ ನುಂಗುತ್ತಾರೆ. ಕೊನೆಯ ಸಾಲಿನಲ್ಲಿ ಕೂತ ಒಬ್ಬ ಹುಡುಗಿಗೆ ಹೇಗೋ ಒಂದು ಅವಕಾಶ ಸಿಗುತ್ತದೆ.

'ಸರ್, ಇದರ ಸೋರ್ಸ್ ಕೋಡ್ ಎಲ್ಲಿ ಸಿಗುತ್ತೆ?'

'ಸ್ವಲ್ಪ ಕ್ಲೀನ್ ಮಾಡೋದಿದೆ ಅಮ್ಮಾ. ಮುಂದಿನ ವಾರ ಹಾಕ್ತೀನಿ.'

ಮುಂದಿನ ವಾರ ಅವರು ಇನ್ನೊಂದು ಸಮ್ಮೇಳನದ ಫಾರ್ಮ್ ತುಂಬುತ್ತಿರುತ್ತಾರೆ. ಈ ಸಲ ವಿಡಿಯೊ ಲಿಂಕ್ ಕೇಳುವ ಖಾನೆಗೆ ಹಾಕಲು ಒಂದು ಲಿಂಕ್ ಇದೆ.