‘ಸಾಲು 1ರ ಹತ್ತಿರ’ ಅಂದರೆ ಎಲ್ಲಿ?

ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ಮತ್ತೆ ಅದೇ ಬಂತು. ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್‌ನ ಎರರ್ 1064. ಸಿಂಟ್ಯಾಕ್ಸ್, ಅಂದರೆ ಬರೆದದ್ದರ ವ್ಯಾಕರಣ, ತಪ್ಪಿದೆಯಂತೆ, ಸಾಲು 1ರಲ್ಲಿ, ಇಂಥದ್ದರ ಹತ್ತಿರ. ಯಾವುದರ ಹತ್ತಿರ ಅಂತ ನೋಡಿದರೆ ಕೋಟ್ ಗುರುತುಗಳ ನಡುವೆ ಏನೂ ಇಲ್ಲ. ಖಾಲಿ! ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿಯಲ್ಲಿ ತುಂಡು ತುಂಡು ಜೋಡಿಸಿದ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಅದು, ಇಡೀ ಕ್ವೆರಿಯೇ ಒಂದು ಸಾಲು. ಮತ್ತೆ ಆ ಸಾಲಿನ ನಂಬರ್ ಕಟ್ಟಿಕೊಂಡು ನಾನೇನು ಮಾಡಲಿ? ಎರಡು ಗಂಟೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಮುಚ್ಚದೇ ಬಿಟ್ಟ ಒಂದು ಬ್ರ್ಯಾಕೆಟ್. ಬ್ರ್ಯಾಕೆಟ್ ಮುಚ್ಚಿಲ್ಲ ಅಂತ ನೇರವಾಗಿ ಹೇಳಿದರೆ ಏನು ಗಂಟು ಹೋಗುತ್ತಿತ್ತು?

ಪಿಎಚ್‌ಪಿ ತೋರಿಸುವ ಆ ಖಾಲಿ ಬಿಳಿ ಪೇಜ್ ಅಂತೂ ಇನ್ನೂ ಜಾಸ್ತಿ ಹಿಂಸೆ. ಎರರ್ ತೋರಿಸುವ ಸೆಟ್ಟಿಂಗ್ ಆಫ್ ಇರುತ್ತದೆ, ಸ್ಕ್ರಿಪ್ಟ್ ಸತ್ತರೂ ಬಾಯಿ ಬಿಡುವುದಿಲ್ಲ. ಹೆಡರ್ (ಪೇಜಿಗಿಂತ ಮೊದಲು ಬ್ರೌಸರಿಗೆ ಹೋಗುವ ಮಾಹಿತಿ) ಆಗಲೇ ಹೋಗಿಬಿಟ್ಟಿದೆ ಅನ್ನುವ ಗೋಳು ಬೇರೆ. ಫೈಲಿನ ಶುರುವಿನಲ್ಲಿ ಒಂದು ಖಾಲಿ ಸ್ಪೇಸ್ ಇದ್ದರೂ ಸಾಕು, ರೀಡೈರೆಕ್ಟ್, ಅಂದರೆ ಬೇರೆ ಪೇಜಿಗೆ ಕಳಿಸುವುದು, ಕೆಲಸ ಮಾಡುವುದಿಲ್ಲ. ಕಣ್ಣಿಗೇ ಕಾಣದ ತಪ್ಪನ್ನು ಹುಡುಕುವುದು ಹೇಗೆ ಹೇಳಿ?

ಎರರ್ ಬರದಿದ್ದರೆ ನೆಮ್ಮದಿಯಾ? ಅದೂ ಇಲ್ಲ. ‘ನಾಟ್ ಇನ್’ (ಈ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡು) ಅಂತ ಬರೆದ ಸಬ್‌ಕ್ವೆರಿಯಲ್ಲಿ, ಅಂದರೆ ಕ್ವೆರಿಯೊಳಗಿನ ಕ್ವೆರಿಯಲ್ಲಿ, ಒಂದೇ ಒಂದು ನಲ್ (ಬೆಲೆಯೇ ಇಲ್ಲದ ಖಾಲಿ ಜಾಗ) ನುಸುಳಿದರೆ ಮುಗಿಯಿತು. ಸಾವಿರ ಸಾಲು ಬರಬೇಕಾದ ಕಡೆ ಸೊನ್ನೆ. ಸುಮ್ನೆ ಸೊನ್ನೆ. ಡೇಟಾ ಅಳಿಸಿಹೋಯಿತೇನೋ ಅಂತ ನನ್ನ ಕೈಕಾಲೇ ತಣ್ಣಗಾಗಿತ್ತು.

ಈಗ ಮತ್ತೆ 1064 ಬಂದಿದೆ. ಸಾಲು 1ರಲ್ಲೇ.